ಕೂಲಿ ಅರೆ, ಹೊಣೆ ಪೂರ್ತಿ

ಕನ್ನಡದಲ್ಲಿ ‘ಅರೆ’ ಎಂದರೆ ಅರ್ಧ. ಅದೇ ಪದಕ್ಕೆ ನುಣ್ಣಗೆ ತೇಯು ಎಂಬ ಅರ್ಥವೂ ಉಂಟು. ‘ಅರೆಕಾಲಿಕ’ ಎಂಬ ಮಾತನ್ನು ಬಳಕೆಗೆ ತಂದ ಮಹನೀಯರು ಮೊದಲನೆಯ ಅರ್ಥವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡಿದ್ದಿರಬೇಕು. ವಿಶ್ವವಿದ್ಯಾನಿಲಯದಲ್ಲಿ ಓದುತ್ತಲೇ ಪತ್ರಿಕೆಯೊಂದಕ್ಕೆ ಊರಿನ ಸುದ್ದಿ ಒದಗಿಸಿದವರಿಗಾದರೋ ಎರಡನೆಯ ಅರ್ಥವೂ ಅಷ್ಟೇ ಸಲ್ಲುತ್ತದೆಂಬುದು ಗೊತ್ತು. 1980ರ ದಶಕದ ಕೊನೆಯಲ್ಲಿ ಎರಡು ವರ್ಷ ರಾಮನಗರದಿಂದ ಜ್ಞಾನಭಾರತಿಗೆ ನಿತ್ಯವೂ ಬಸ್ಸಿನಲ್ಲಿ ಓಡಾಡಿ ಅರ್ಥಶಾಸ್ತ್ರ ಓದಿದವರಲ್ಲಿ ನಾನೂ ಒಬ್ಬ. ಹಗಲು ಅಲ್ಲಿಯ ಪಾಠ, ಸಂಜೆ ಇಲ್ಲಿಯ ಸುದ್ದಿ. ಎರಡು ದೋಣಿಯ ಮೇಲೆ ಕಾಲಿಡಬಾರದೆಂದು ಹಿರಿಯರು ಹೇಳುತ್ತಾರೆ. ಒಂದು ದೋಣಿಯ ಬಾಡಿಗೆಯನ್ನು ಇನ್ನೊಂದರಲ್ಲಿ ದುಡಿದೇ ತೆರಬೇಕಾದವನು ಏನು ಮಾಡಬೇಕೆಂಬುದನ್ನು ಮಾತ್ರ ಅವರು ಹೇಳಿಲ್ಲ.

ಬಡ ವಿದ್ಯಾರ್ಥಿಗೆ ಹಿಂದೆ ನಮ್ಮ ನಾಡಿನಲ್ಲಿದ್ದ ಆಸರೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಉಣಬಡಿಸಿದ ತಾಯಂದಿರ ಋಣ ದೊಡ್ಡದು, ನಿಜ. ಆದರೆ ಆ ಅನ್ನಕ್ಕೆ ಜಾತಿಯ ಬಾಗಿಲಿತ್ತು. ಬಾಗಿಲು ದಾಟಿದವನ ತಲೆಯೂ ತುಸು ಬಾಗಿಯೇ ಇರಬೇಕಾಗಿತ್ತು. ಆಮೇಲೆ ಮಠಗಳ, ಸಮಾಜಗಳ ಉಚಿತ ವಿದ್ಯಾರ್ಥಿನಿಲಯಗಳು ಬಂದವು. ನೆರೆಯ ಮಹಾರಾಷ್ಟ್ರದಲ್ಲಿ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದ ಕರ್ಮವೀರ ಭಾವೂರಾವ್ ಪಾಟೀಲರು ದುಡಿಯುತ್ತ ಕಲಿಯುವುದನ್ನೇ ಶಿಕ್ಷಣದ ಸೂತ್ರವನ್ನಾಗಿ ಮಾಡಿ, ವಿದ್ಯಾರ್ಥಿಯ ದುಡಿಮೆಗೆ ಮರ್ಯಾದೆ ತಂದುಕೊಟ್ಟರು. ಸುದ್ದಿಯ ಕೂಲಿ ಮೊದಲ ಬಾರಿ ಕೈಗೆ ಬಂದಾಗ ನನಗಾದ ಸಮಾಧಾನವೂ ಇದೇ ಬಗೆಯದು: ಮೊತ್ತ ಅಲ್ಪ, ಆದರೆ ತಲೆಯೆತ್ತಿ ಪಡೆದದ್ದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಆಗ, 1986ರಲ್ಲಿ ರಚನೆಯಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ತಾಲ್ಲೂಕುಗಳು. ಮೊದಲಿನೆರಡು ಮೈಸೂರಿನ ರೈಲುದಾರಿಯ ಮೇಲಿವೆ. ಕನಕಪುರಕ್ಕೂ ಮಾಗಡಿಗೂ ರೈಲಿಲ್ಲ. ಬೆಂಗಳೂರಿಗೆ ಅವುಗಳದ್ದು ಬೇರೆ ಬೇರೆ ರಸ್ತೆ. ಆದುದರಿಂದ ಒಂದು ವಿಚಿತ್ರವಿತ್ತು. ಮಾಗಡಿಯಲ್ಲಿ ನಡೆದ ಸಂಗತಿ ಅಲ್ಲಿಯ ಬಾತ್ಮೀದಾರನ ಲಕೋಟೆಯಲ್ಲಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಅಚ್ಚಾಗಿ, ಮರುದಿನ ಮೈಸೂರು ರಸ್ತೆಯಲ್ಲಿ ಹೊರಟು ರಾಮನಗರವನ್ನು ಮುಟ್ಟುತ್ತಿತ್ತು. ಅಕ್ಕಪಕ್ಕದ ಊರುಗಳು ಒಂದರ ಯೋಗಕ್ಷೇಮವನ್ನು ಇನ್ನೊಂದು ರಾಜಧಾನಿಯ ಮೂಲಕ ವಿಚಾರಿಸಿಕೊಳ್ಳುತ್ತಿದ್ದವೆನ್ನಬಹುದು.

ಆ ಲಕೋಟೆಯೇ ನಮ್ಮ ಸಂಪರ್ಕಸಾಧನ. ಸಂಜೆಯ ಬಸ್ಸಿನ ಚಾಲಕನ ಕೈಗೆ ಅದನ್ನು ಒಪ್ಪಿಸಿದರೆ ನಿಲ್ದಾಣದಲ್ಲಿ ಕಚೇರಿಯ ಹುಡುಗ ಬಂದು ಪಡೆಯುತ್ತಿದ್ದ. ತೀರ ಅವಸರದ ಸುದ್ದಿಗೆ ಮಾತ್ರ ತಂತಿ. ಕೂಲಿಯ ಲೆಕ್ಕ ಅಂಗುಲದಲ್ಲಿ: ಅಚ್ಚಾದ ಸುದ್ದಿಯನ್ನು ಕತ್ತರಿಸಿ ಹಾಳೆಗೆ ಅಂಟಿಸಿ, ಅಳೆದು, ತಿಂಗಳ ಕೊನೆಗೆ ಕಳುಹಿಸಬೇಕು. ಅಚ್ಚಾಗದ ಸುದ್ದಿಗೆ ಅಳತೆಯಿಲ್ಲ. ಮೂರು ಮೈಲಿ ನಡೆದು ತಂದ ವಿಷಯ ಮೂರು ಸಾಲಾದರೆ ಮೂರು ಸಾಲಿನ ಕೂಲಿಯೇ. ಅದನ್ನು ಬರೆದ ರಾತ್ರಿ ಓದದೆ ಉಳಿದ ಪುಸ್ತಕಕ್ಕೆ ಲೆಕ್ಕವಿಟ್ಟವರಿಲ್ಲ.

ನಾನು ಕಳುಹಿಸುತ್ತಿದ್ದ ಸುದ್ದಿಗಳಲ್ಲಿ ಅತ್ಯಂತ ಚಿಕ್ಕದು, ಅತ್ಯಂತ ಹೆಚ್ಚು ಜನ ಓದುತ್ತಿದ್ದದ್ದು, ರೇಷ್ಮೆಗೂಡಿನ ಧಾರಣೆ. 1959ರ ಕಾಯಿದೆ ಬಂದ ಮೇಲೆ ಗೂಡಿನ ವ್ಯಾಪಾರ ಸರ್ಕಾರದ ನಿಯಂತ್ರಣಕ್ಕೆ ಒಳಪಟ್ಟು, ಬಹಿರಂಗ ಹರಾಜಿನ ಮಾರುಕಟ್ಟೆಗಳು ಬೆಳೆದವು. ಅವುಗಳಲ್ಲಿ ರಾಮನಗರದ್ದು ಹೆಸರಾಂತದ್ದು. ಗೂಡು ಮನೆಯಲ್ಲಿಟ್ಟು ಕಾಯುವ ಸರಕಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗಿ, ನೂಲು ಬಿಚ್ಚಲು ಬಾರದಂತಾಗುತ್ತದೆ. ಆದುದರಿಂದ ರೈತ ಇಂದಿನ ಧಾರಣೆಗೆ ಒಪ್ಪಲೇಬೇಕು, ಇಲ್ಲವೆ ನಾಳೆಯೋ ನಾಡಿದ್ದೋ ಬರುವ ಧಾರಣೆಗೆ. ಆ ಒಂದೆರಡು ದಿನದ ನಿರ್ಧಾರಕ್ಕೆ ಪತ್ರಿಕೆಯ ಒಂದು ಸಾಲು ಆಧಾರ.

ರಜೆಯ ದಿನವೊಂದರಲ್ಲಿ ನಾನು ಹರಾಜು ನೋಡುತ್ತ ನಿಂತಿದ್ದಾಗ ವೃದ್ಧ ರೈತರೊಬ್ಬರು ಬಳಿಗೆ ಬಂದು ಕೇಳಿದರು: “ಪೇಪರಿಗೆ ಬರೆಯೋನು ನೀನೇನಪ್ಪ?”

“ಹೌದು, ಯಜಮಾನರೇ.”

“ಮೇಲಿನ ರೇಟೊಂದನ್ನೇ ಯಾವತ್ತೂ ಬರೀಬ್ಯಾಡ ಕಣಪ್ಪ. ಅದ ಓದ್ಕಂಡು ಸಾಲ ಕೊಟ್ಟೋನು ಸಂಜೀಗೇ ಬಾಗಿಲಿಗೆ ಬತ್ತಾನೆ.”

ಅದೇ ವಾರ ತರಗತಿಯಲ್ಲಿ ಸರಾಸರಿಯ ಪಾಠ ನಡೆಯುತ್ತಿತ್ತು. ಹತ್ತು ಲಾಟು ಗೂಡಿನಲ್ಲಿ, ಎಲ್ಲವೂ ಸಮತೂಕದ್ದು, ಒಂದು ಕಿಲೋಗೆ 120 ರೂಪಾಯಿಯಂತೆಯೂ ಉಳಿದ ಒಂಬತ್ತು 80 ರೂಪಾಯಿಯಂತೆಯೂ ಹೋದವೆಂದು ಓದುಗರು ಭಾವಿಸಿಕೊಳ್ಳಲಿ. ಸರಾಸರಿ 84 ರೂಪಾಯಿ. ಪತ್ರಿಕೆ 120 ಎಂದು ಮಾತ್ರ ಅಚ್ಚು ಮಾಡಿದರೆ ಅದು ಸುಳ್ಳಲ್ಲ. ಆದರೆ ಒಂಬತ್ತು ಮನೆಗಳ ಪಾಲಿಗೆ ಸತ್ಯವೂ ಅಲ್ಲ. ಸರಾಸರಿಯನ್ನು ಬರೆದರೂ ಅಷ್ಟು ಪಡೆದ ರೈತ ಒಬ್ಬನೂ ಇಲ್ಲ. ಗರಿಷ್ಠ, ಕನಿಷ್ಠ, ಸರಾಸರಿ ಮೂರನ್ನೂ ಜೊತೆಗಿಟ್ಟಾಗಲೇ ಮಾರುಕಟ್ಟೆಯ ಮುಖ ಕಾಣುವುದು. ವಿಶ್ವವಿದ್ಯಾನಿಲಯ ನನಗೆ ಸೂತ್ರವನ್ನು ಕೊಟ್ಟಿತು, ಅದು ಯಾರ ಬಾಗಿಲನ್ನು ತಟ್ಟುತ್ತದೆಂಬುದನ್ನು ಮಾರುಕಟ್ಟೆ ತಿಳಿಸಿತು. ಎರಡರಲ್ಲಿ ಒಂದಿಲ್ಲದಿದ್ದರೂ ನನ್ನ ವಿದ್ಯೆ ಕುಂಟಾಗುತ್ತಿತ್ತು.

ಹಾಗೆಂದು ಬಡತನವೇ ಒಳ್ಳೆಯ ಗುರುವೆಂದು ಹಾಡಿ ಹೊಗಳಲು ನಾನು ಸಿದ್ಧನಿಲ್ಲ. ಅಂಗುಲದ ಕೂಲಿಯಿಂದ ಹೊಟ್ಟೆ ತುಂಬದು. ಆಗ ಬಾತ್ಮೀದಾರನೇ ಕೆಲವೆಡೆ ಪತ್ರಿಕೆಯ ಏಜೆಂಟನೂ ಜಾಹೀರಾತು ತರುವವನೂ ಆಗಬೇಕಾಗುತ್ತಿತ್ತು. ಯಾರಿಂದ ಜಾಹೀರಾತು ಪಡೆದನೋ ಅವರ ವಿಷಯವನ್ನು ಮರುದಿನ ನಿರ್ದಾಕ್ಷಿಣ್ಯವಾಗಿ ಬರೆಯುವುದು ಎಷ್ಟು ಕಷ್ಟವೆಂಬುದನ್ನು ಅನುಭವಿಸಿದವರೇ ಬಲ್ಲರು. ಕೂಲಿ ಕಡಿಮೆಯಾದಷ್ಟೂ ದಾಕ್ಷಿಣ್ಯ ಹೆಚ್ಚು. ವಾರಾನ್ನದ ಮನೆಯ ಬಾಗಿಲಿನಲ್ಲಿ ಬಾಗಿದ ತಲೆ ಇಲ್ಲಿಯೂ ಬಾಗತೊಡಗುತ್ತದೆ.

ಕಾನೂನಾದರೂ ಕೈಹಿಡಿಯಿತೆ? ಪತ್ರಕರ್ತರ ಹಿತರಕ್ಷಣೆಗಾಗಿ 1955ರಲ್ಲಿ ಬಂದ ಕಾಯಿದೆಯು, ಯಾರ ಮುಖ್ಯ ವೃತ್ತಿ ಪತ್ರಿಕೋದ್ಯಮವೋ ಅವರನ್ನೇ ಕಾರ್ಯನಿರತ ಪತ್ರಕರ್ತರೆಂದು ಗಣಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಅದರ ಜಾಗವನ್ನು ತೆಗೆದುಕೊಂಡಿವೆ. ವಿದ್ಯುನ್ಮಾನ ಮಾಧ್ಯಮಗಳೂ ಅರೆಕಾಲಿಕರೂ ಹೊಸ ವ್ಯಾಖ್ಯೆಯಲ್ಲಿ ಸೇರಿದ್ದಾರೆ, ‘ಮುಖ್ಯ ವೃತ್ತಿ’ ಎಂಬ ನಿಬಂಧನೆಯಂತೂ ಉಳಿದುಕೊಂಡಿದೆ. ವಿದ್ಯಾರ್ಥಿಯ ಮುಖ್ಯ ವೃತ್ತಿ ಓದು. ಹೀಗಾಗಿ ಪತ್ರಿಕೆಯ ಕಣ್ಣಿಗೆ ಅವನು ಪೂರ್ತಿ ನೌಕರನಲ್ಲ. ಹಾಜರಿ ಪುಸ್ತಕದ ಕಣ್ಣಿಗೆ ಪೂರ್ತಿ ವಿದ್ಯಾರ್ಥಿಯೂ ಅಲ್ಲ.

ಕಾಲ ಬದಲಾಗಿದೆ. ನಾಲ್ಕು ತಾಲ್ಲೂಕುಗಳೂ ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು; 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂತು. ತಂತಿಯ ಸೇವೆ 2013ರ ಜುಲೈಯಲ್ಲಿ ಮುಗಿಯಿತು. ಗೂಡಿನ ಮಾರುಕಟ್ಟೆಗೆ ಇ-ಹರಾಜು ಬಂದಿದೆ, ಧಾರಣೆ ಮೊಬೈಲಿನಲ್ಲೇ ಸಿಗುತ್ತದೆ. ಲಕೋಟೆ ಹೊತ್ತ ಬಸ್ಸಿನ ಕೆಲಸವನ್ನು ವಾಟ್ಸ್‌ಆಪ್ ಕ್ಷಣದಲ್ಲಿ ಮಾಡುತ್ತದೆ. ಆದರೆ ಓದಿನ ಖರ್ಚಿಗಾಗಿ ಸಂಜೆ ಸುದ್ದಿಯನ್ನೋ, ಸಂಸ್ಥೆಯೊಂದರ ಪ್ರಕಟಣೆಯನ್ನೋ ಬರೆಯುವ ಹುಡುಗ ಹುಡುಗಿಯರು ಇಂದೂ ಇದ್ದಾರೆ. ಲಕೋಟೆ ಬಸ್ಸಿನಲ್ಲಿರುವಷ್ಟು ಹೊತ್ತು ನಮಗೆ ಮತ್ತೊಮ್ಮೆ ಯೋಚಿಸಲು ಅವಕಾಶವಿತ್ತು. ಅವರಿಗೆ ಅದೂ ಇಲ್ಲ.

ಅವರಿಗಾಗಿ ಆಗಬೇಕಾದದ್ದು ಬೆಟ್ಟದಷ್ಟೇನಲ್ಲ. ಅಂಗುಲಕ್ಕೋ ಸಂಖ್ಯೆಗೋ ಕಟ್ಟುಬೀಳದ ಒಂದು ನಿಶ್ಚಿತ ತಿಂಗಳ ಸಂಭಾವನೆ. ಸುದ್ದಿ ಬರೆಯುವವರ ಕೈಗೆ ಜಾಹೀರಾತಿನ ರಸೀದಿ ಪುಸ್ತಕ ಕೊಡದಿರುವ ನಿಯಮ. ಪರೀಕ್ಷೆಯ ದಿನಗಳಲ್ಲಿ ಬಿಡುವು. ಆ ಕೆಲಸವನ್ನೂ ಕಲಿಕೆಯೆಂದು ಎಣಿಸುವ ವಿಶ್ವವಿದ್ಯಾನಿಲಯದ ಔದಾರ್ಯ. ಬರೆಯುವವರ ಹೊತ್ತು ಅರ್ಧವಿರಬಹುದು. ಅವರು ಬರೆದ ಸಾಲನ್ನು ನಂಬಿ ಗೂಡಿನ ಚೀಲ ಹೊತ್ತು ಊರಿಂದ ಹೊರಡುವವನ ನಂಬಿಕೆ ಅರ್ಧದ್ದಲ್ಲ.