ಮಾಯದ ಹುಣ್ಣು, ನಿಲ್ಲದ ಸಂದೇಶ

ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಮುಗಿಯುವವರೆಗೂ ಕೆನ್ನೆಯೊಳಗೆ ಅಡಿಕೆಯನ್ನೋ ಗುಟ್ಕಾವನ್ನೋ ಒತ್ತಿಟ್ಟುಕೊಂಡಿರುವವರು ನಿಮ್ಮ ಮನೆಯಲ್ಲೂ ಇರಬಹುದು. ಮನೆಯಲ್ಲಿರುವ ಅಜ್ಜಿಯ ಪಾನ್‌ದಾನ್ ಕೂಡ ಈ ಲೆಕ್ಕಕ್ಕೆ ಬರುತ್ತದೆ.

ಗಾಯವಾದಾಗ ಜೀವಕೋಶಗಳು ತಮ್ಮ ಪೊರೆಯ ಕೊಬ್ಬಿನಿಂದಲೇ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ವಸ್ತುವನ್ನು ತಯಾರಿಸಿ ಹೊರಬಿಡುತ್ತವೆ. ರಕ್ತ ಹರಿದು ಬರಲಿ, ಹೊಸ ಕೋಶಗಳು ಬೆಳೆಯಲಿ ಎಂದು ಪಕ್ಕದ ಕೋಶಗಳಿಗೆ ಕಳಿಸುವ ಸಂದೇಶ ಅದು. ಗಾಯ ಮಾಗಿದರೆ ಸಂದೇಶವೂ ನಿಲ್ಲುತ್ತದೆ. ದಿನವೂ ಅಡಿಕೆ ಉಜ್ಜುವ ಕೆನ್ನೆಯಲ್ಲಿ ಅದಕ್ಕೆ ಬಿಡುವೇ ಇಲ್ಲ. ಅಲ್ಲಿ ಕ್ಯಾನ್ಸರ್ ಕೋಶ ಹುಟ್ಟಿತೆನ್ನಿ, ಅದು ಇದೇ ಸಂದೇಶದಿಂದ ಹೊಸ ರಕ್ತನಾಳಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಕಾವಲಿಗಿರುವ ಬಿಳಿ ರಕ್ತಕಣಗಳನ್ನು ಮಂಕಾಗಿಸುತ್ತದೆ. ‘ತಂಬಾಕಿಲ್ಲ, ಬರೀ ಅಡಿಕೆ ತಾನೇ’ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ 2004ರ ವರದಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಪ್ರೊಸ್ಟಾಗ್ಲಾಂಡಿನ್ ತಯಾರಾಗುವುದನ್ನು ಆಸ್ಪಿರಿನ್ ತಡೆಯುತ್ತದೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. 1982ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು. ಹಾಗೆಂದು ಅಂಗಡಿಯಿಂದ ಮಾತ್ರೆ ತಂದು ದಿನಾ ನುಂಗಬೇಡಿ. ಹೊಟ್ಟೆಯ ಒಳಪದರವನ್ನು ಕಾಯುವುದೂ ಪ್ರೊಸ್ಟಾಗ್ಲಾಂಡಿನ್‌ಗಳೇ. ಅವು ಕಡಿಮೆಯಾದರೆ ಹೊಟ್ಟೆಯಲ್ಲಿ ರಕ್ತಸ್ರಾವವಾದೀತು.

ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿ. ಬಿಳಿ ಅಥವಾ ಕೆಂಪು ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಬಾಯಿ ಅಗಲಿಸಲಾಗದ ಬಿಗಿತ ಕಂಡರೆ ಅಡಿಕೆ ಬಿಟ್ಟು ದಂತವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ನೋವಾಗಲಿ ಎಂದು ಕಾಯಬೇಡಿ, ಮೊದಮೊದಲು ಎಷ್ಟೋ ಜನರಿಗೆ ನೋವೇ ಇರುವುದಿಲ್ಲ.