ಘಾಟಿ ಹತ್ತುವ ಎಂಜಿನ್ನಿನ ಹಿಡಿತ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಪೇಟೆಗಳಿಗಾಗಲಿ, ಕುಶಾಲನಗರದ ಪಕ್ಕದ ನಮ್ಮ ಕೊಪ್ಪಕ್ಕಾಗಲಿ ರೈಲು ಇನ್ನೂ ಬಂದಿಲ್ಲ. ಈ ಸೀಮೆಯಲ್ಲಿ ಹಳಿ ಕಾಣಬೇಕಾದರೆ ಕೆ.ಆರ್. ನಗರಕ್ಕೇ ಹೋಗಬೇಕು. ಮೈಸೂರಿನಿಂದ ಅಲ್ಲಿಗೆ ಬಂದ ಹಳಿ ಹೊಳೆನರಸೀಪುರ, ಹಾಸನ ಹಾದು ಮಂಗಳೂರಿನ ದಾರಿ ಸೇರುತ್ತದೆ. ಸಕಲೇಶಪುರದವರೆಗೆ ಎಂಜಿನ್ನಿಗೆ ಅಂಥ ಕಷ್ಟವಿಲ್ಲ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯೇ ನಿಜವಾದ ಪರೀಕ್ಷೆ. ಮಂಗಳೂರು ಕಡೆಯಿಂದ ಬರುವಾಗ ಅಲ್ಲಿ 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು.

ಇದು ಕಾರಿಗೆ ಲೆಕ್ಕಕ್ಕಿಲ್ಲದ ಏರು, ಆದರೆ 1,000 ಟನ್ ತೂಕದ ಗೂಡ್ಸ್ ಗಾಡಿಯನ್ನು 20 ಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಅದನ್ನು ಮೀರಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು, ಏರಿಗೇ ಸುಮಾರು 2,200 ಅಶ್ವಶಕ್ತಿ ಬೇಕು. ತಿರುವುಗಳ ಉಜ್ಜಾಟ, ಎಂಜಿನ್ನಿನ ಸ್ವಂತ ತೂಕ ಇನ್ನೂ ಬೇರೆ.

1979ರಲ್ಲಿ ಈ ದಾರಿ ಮೀಟರ್ ಗೇಜ್ ಆಗಿ ತೆರೆದಾಗ ಗಾಡಿ ಎಳೆದದ್ದು 1,400 ಅಶ್ವಶಕ್ತಿಯ ವೈಡಿಎಂ-4. ಬ್ರಾಡ್ ಗೇಜ್‌ನಲ್ಲಿ ಆಗಿನ ದೊಡ್ಡಣ್ಣ ಡಬ್ಲ್ಯೂಡಿಎಂ-2. ಅಮೆರಿಕದ ಆಲ್ಕೋ ಕಂಪನಿಯ ಈ ವಿನ್ಯಾಸವನ್ನು ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 1964ರಿಂದ ತಯಾರಿಸತೊಡಗಿತು. ಹದಿನಾರು ಸಿಲಿಂಡರ್, 2,600 ಅಶ್ವಶಕ್ತಿ. ಟರ್ಬೋಚಾರ್ಜರನ್ನೂ ಇಂಧನ ಸಿಂಪಡಿಸುವ ವ್ಯವಸ್ಥೆಯನ್ನೂ ಸುಧಾರಿಸಿ, ಅದೇ ಹದಿನಾರು ಸಿಲಿಂಡರಿನಿಂದ ನಮ್ಮ ಎಂಜಿನಿಯರುಗಳು ಮುಂದೆ 3,100 ಅಶ್ವಶಕ್ತಿ ಹೊರತೆಗೆದರು. ಸಿಲಿಂಡರಿಗೆ ಹೆಚ್ಚು ಗಾಳಿ ತುರುಕಿದರೆ ಹೆಚ್ಚು ಡೀಸೆಲ್ ಉರಿಯುತ್ತದೆ. ತತ್ತ್ವ ಇಷ್ಟೇ, ಆದರೆ ಆ ಕಾವು ಮತ್ತು ಒತ್ತಡವನ್ನು ತಾಳುವಂತೆ ಪಿಸ್ಟನ್, ಬೇರಿಂಗುಗಳನ್ನು ಗಟ್ಟಿಗೊಳಿಸಿದ್ದು ವರ್ಷಗಟ್ಟಲೆಯ ದುಡಿಮೆ. ಇದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಶಕ್ತಿ ಹೆಚ್ಚಿದರಷ್ಟೇ ಸಾಲದು. ನಾಟಿಗೆ ಹದ ಮಾಡಿದ ಕೆ.ಆರ್. ನಗರದ ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡರೆ, ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ನಿಂತಲ್ಲೇ ಸುತ್ತುತ್ತದೆ. ರೈಲಿಗೂ ಇದೇ ಪಾಡು, ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವುದು ಬೆರಳಗಲದಷ್ಟು ಜಾಗದಲ್ಲಿ. ಮಲೆನಾಡಿನ ಮಳೆಯೂ ಉದುರಿದೆಲೆಯೂ ಆ ಹಿಡಿತವನ್ನು ಇನ್ನಷ್ಟು ಕಡಿಮೆ ಮಾಡುತ್ತವೆ. ಹಳಿಗೆ ಮರಳು ಉದುರಿಸುವುದು ಹಳೆಯ ಉಪಾಯ, ಈಗಲೂ ಬಿಟ್ಟಿಲ್ಲ.

ದೊಡ್ಡ ಬದಲಾವಣೆ ಬಂದದ್ದು 1999ರಲ್ಲಿ. ಜನರಲ್ ಮೋಟರ್ಸ್‌ನ 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಎಂಜಿನ್ನುಗಳು ಹುಬ್ಬಳ್ಳಿ ಲೋಕೋ ಶೆಡ್ಡಿಗೆ ಬಂದಿಳಿದವು. ಡೀಸೆಲ್ ಗಾಡಿಗಳಲ್ಲಿ ಎಂಜಿನ್ ನೇರವಾಗಿ ಗಾಲಿ ತಿರುಗಿಸುವುದಿಲ್ಲ. ಅದು ವಿದ್ಯುತ್ ತಯಾರಿಸುತ್ತದೆ, ಆ ವಿದ್ಯುತ್ತಿನಿಂದ ಅಚ್ಚುಗಳ ಮೋಟರುಗಳು ಓಡುತ್ತವೆ. ಹಳೆಯ ಡಿಸಿ ಮೋಟರಿನ ಗಾಲಿ ಜಾರಿತೆಂದರೆ ವೇಗ ಏರುತ್ತಲೇ ಹೋಗುತ್ತದೆ. ಡಬ್ಲ್ಯೂಡಿಜಿ-4ರಲ್ಲಿ ಇರುವುದು ಮೂರು ಫೇಸಿನ ಎಸಿ ಮೋಟರು. ಅದರ ವೇಗಕ್ಕೆ ವಿದ್ಯುತ್ತಿನ ಆವರ್ತನವೇ ಕಡಿವಾಣ. ಗಾಲಿ ಜಾರಿ ಆ ವೇಗವನ್ನು ಮೀರಲು ಹೊರಟರೆ ತಿರುಗುಬಲ ತಾನಾಗಿ ಕುಸಿಯುತ್ತದೆ. ಗಾಲಿ ತುಸುವೇ ಜಾರುತ್ತಿರುವಾಗ ಹಿಡಿತ ಅತಿ ಹೆಚ್ಚು. ಕಂಪ್ಯೂಟರು ಗಾಲಿಯನ್ನು ಆ ಅಂಚಿನಲ್ಲೇ ನಿಲ್ಲಿಸುತ್ತದೆ.

ಸುಮಾರು 113 ಟನ್ನಿನ ಡಬ್ಲ್ಯೂಡಿಎಂ-2 ಹೊರಡುವಾಗ ಸುಮಾರು 30 ಟನ್ ಬಲದಿಂದ ಎಳೆಯುತ್ತಿತ್ತು. 126 ಟನ್ನಿನ ಡಬ್ಲ್ಯೂಡಿಜಿ-4ರ ಎಳೆತ 50 ಟನ್ನಿಗೂ ಮೇಲೆ. ತೂಕ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲಿನಷ್ಟು, ಎಳೆತ ಮುಕ್ಕಾಲು ಪಾಲಿನಷ್ಟು. 4,000 ಅಶ್ವಶಕ್ತಿಗಿಂತ ಈ ಹಿಡಿತವೇ ದೊಡ್ಡ ಗೆಲುವು.

ಗೇಜ್ ಬದಲಾಗಿ 2006ರಲ್ಲಿ ಸಕಲೇಶಪುರದ ಘಾಟಿಗೆ ಗೂಡ್ಸ್ ಗಾಡಿಗಳು ಮರಳಿದ ಮೇಲೆ, ಹಿಂದಿನಿಂದ ತಳ್ಳುವ ಬ್ಯಾಂಕರ್ ಕೆಲಸಕ್ಕೂ ಈ ಡಬ್ಲ್ಯೂಡಿಜಿ-4 ಎಂಜಿನ್ನುಗಳು ನಿಂತವು. ಇಳಿಯುವಾಗ ಇವುಗಳ ಉಪಯೋಗ ಇನ್ನೂ ದೊಡ್ಡದು. ಆಗ ಮೋಟರುಗಳೇ ಜನರೇಟರುಗಳಾಗಿ ಗಾಲಿಯನ್ನು ತಡೆಯುತ್ತವೆ. ಹುಟ್ಟಿದ ವಿದ್ಯುತ್ತು ರೆಸಿಸ್ಟರುಗಳಲ್ಲಿ ಕಾವಾಗಿ ಫ್ಯಾನುಗಳ ಗಾಳಿಯೊಡನೆ ಹೊರಗೆ ಹೋಗುತ್ತದೆ. ಆದ್ದರಿಂದ ಬ್ರೇಕ್ ಬ್ಲಾಕುಗಳು ಉದ್ದಕ್ಕೂ ಉಜ್ಜಿ ಕೆಂಪಗೆ ಕಾಯುವುದಿಲ್ಲ, ಡ್ರೈವರಿಗೆ ಗಾಳಿಬ್ರೇಕು ತುರ್ತಿಗೆ ಪೂರ್ತಿಯಾಗಿ ಉಳಿಯುತ್ತದೆ.