ಆರು ವಾರದ ಮಿಷನರಿ

ಅಮೆರಿಕದ ಕಾಲೇಜುಗಳಲ್ಲಿ ಚಳಿ ಇಳಿಯುವ ಹೊತ್ತಿಗೆ ಒಂದು ಬಗೆಯ ಪತ್ರ ಹೊರಡುತ್ತದೆ. ಬರೆಯುವವರಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಓದುವವರು ಚಿಕ್ಕಪ್ಪ, ಸೋದರತ್ತೆ, ಅಜ್ಜನ ಗೆಳೆಯರು, ಊರ ಚರ್ಚಿನ ಹಿರಿಯರು, ಒಮ್ಮೊಮ್ಮೆ ಹೈಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು. ಒಕ್ಕಣೆ ಹೆಚ್ಚುಕಡಿಮೆ ಒಂದೇ. ಈ ಬೇಸಿಗೆ ರಜೆಯಲ್ಲಿ ಆರು ವಾರ ಪರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಹೋಗುತ್ತಿದ್ದೇನೆ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಯೇಸುವಿನ ಬಗ್ಗೆ ಮಾತಾಡುವುದು ನನ್ನ ಕೆಲಸ, ವಿಮಾನದ ಟಿಕೆಟ್ಟು, ಊಟ, ವಸತಿಯ ಖರ್ಚನ್ನು ನಾನೇ ಹೊಂದಿಸಿಕೊಳ್ಳಬೇಕು, ದಯವಿಟ್ಟು ನನಗಾಗಿ ಪ್ರಾರ್ಥಿಸಿ, ಕೈಲಾದರೆ ಕಾಣಿಕೆ ಕೊಡಿ.

ಬೇರೆಯವರ ಮುಂದೆ ಎಂದೂ ಕೈಯೊಡ್ಡದ ಹುಡುಗನಿಗೆ, ಹುಡುಗಿಗೆ ಈ ಪತ್ರ ಬರೆಯುವುದೇ ಮೊದಲ ಪರೀಕ್ಷೆ. ಹಣ ಕೂಡಿಬಂದರೆ ಜೂನ್ ತಿಂಗಳಲ್ಲಿ, ನಮ್ಮ ಮಲೆನಾಡಿನಲ್ಲಿ ಮುಂಗಾರು ಹಿಡಿದು ಶಾಲೆಗಳು ಆಗಷ್ಟೇ ತೆರೆದಿರುವ ಹೊತ್ತಿಗೆ, ಅವರಿಗೆ ದೀರ್ಘ ರಜೆ; ತಂಡ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಅಮೆರಿಕದ ಪ್ರಾಟೆಸ್ಟೆಂಟ್ ವಿದ್ಯಾರ್ಥಿ ಲೋಕದಲ್ಲಿ ಇದಕ್ಕೆ ಸಮ್ಮರ್ ಮಿಷನ್ ಎಂದು ಹೆಸರು.

ಇದರ ಬೇರು ಹುಡುಕುತ್ತ ಹೋದರೆ ಅದು ನಿಪ್ಪಾಣಿಯಾಚೆಯ ಕೊಲ್ಹಾಪುರಕ್ಕೆ ಬಂದು ನಿಲ್ಲುತ್ತದೆ. 1863ರಲ್ಲಿ ಅಲ್ಲಿನ ಅಮೆರಿಕನ್ ಮಿಷನರಿ ರಾಯಲ್ ವೈಲ್ಡರ್ ಅವರ ಮನೆಯಲ್ಲಿ ರಾಬರ್ಟ್ ಹುಟ್ಟಿದ. ತಂದೆಯ ಆರೋಗ್ಯ ಕೆಟ್ಟು ಸಂಸಾರ ಅಮೆರಿಕಕ್ಕೆ ಮರಳಿತು. ರಾಬರ್ಟ್ ಪ್ರಿನ್ಸ್‌ಟನ್ ಕಾಲೇಜು ಸೇರಿದ. 1886ರ ಜುಲೈನಲ್ಲಿ ಪ್ರಖ್ಯಾತ ಪ್ರಸಂಗಿ ಡಿ. ಎಲ್. ಮೂಡಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್ ಶಾಲೆಗೆ ಕಾಲೇಜು ಹುಡುಗರನ್ನು ಕರೆಸಿದರು. ಕನೆಕ್ಟಿಕಟ್ ನದಿಯ ದಂಡೆಯ ಮೇಲಿನ ಊರು. ಸುಮಾರು 250 ಮಂದಿ, ಹೆಚ್ಚುಕಡಿಮೆ ಒಂದು ತಿಂಗಳ ಬೈಬಲ್ ಶಿಬಿರ. ಪರದೇಶದ ಸೇವೆ ಕಾರ್ಯಕ್ರಮದ ಪಟ್ಟಿಯಲ್ಲೇ ಇರಲಿಲ್ಲ. ರಾಬರ್ಟ್ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಮಾತಾಡಿದ. ಒಂದು ಸಂಜೆ ಹತ್ತು ವಿದ್ಯಾರ್ಥಿಗಳು ಹತ್ತು ನಾಡುಗಳ ಪರವಾಗಿ ಎದ್ದು ನಿಂತು, ಒಬ್ಬೊಬ್ಬರು ಕೆಲವೇ ನಿಮಿಷ, ತಮ್ಮ ನಾಡಿಗೆ ಜನ ಬೇಕೆಂದು ಕೇಳಿದರು. ಶಿಬಿರ ಮುಗಿಯುವ ದಿನದ ಹೊತ್ತಿಗೆ ಪರದೇಶಕ್ಕೆ ಹೋಗಲು ಸಿದ್ಧ ಎಂದು ಸಹಿ ಹಾಕಿದವರು 99. ಕೊನೆಯ ಪ್ರಾರ್ಥನೆ ನಡೆಯುತ್ತಿದ್ದಾಗ ಮತ್ತೊಬ್ಬ ಒಳಗೆ ಬಂದು ಮಂಡಿಯೂರಿದ, ನೂರಾಯಿತು.

ಆ ನೂರರಲ್ಲಿ ಕಾರ್ನೆಲ್‌ನ ವಿದ್ಯಾರ್ಥಿ ಜಾನ್ ಮಾಟ್ ಒಬ್ಬ. ಜಗತ್ತಿನ ಕ್ರೈಸ್ತ ವಿದ್ಯಾರ್ಥಿಗಳನ್ನೆಲ್ಲ ಒಂದು ಒಕ್ಕೂಟಕ್ಕೆ ತಂದು, 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಇವರೇ. ಆದರೆ ನನ್ನ ಗೌರವ ಹೆಚ್ಚಾಗಿ ಸಲ್ಲುವುದು ರಾಬರ್ಟನ ಅಕ್ಕ ಗ್ರೇಸ್‌ಗೆ. ಆ ಶಿಬಿರಕ್ಕೆ ಹೆಣ್ಣುಮಕ್ಕಳಿಗೆ ಕರೆಯಿರಲಿಲ್ಲ. ತಮ್ಮ ಹೊರಡುವ ಮುನ್ನ, ಅಲ್ಲಿ ನೂರು ಮಂದಿ ಮುಂದೆ ಬರಲೆಂದು ಪ್ರಾರ್ಥಿಸಿದವಳು, ಅವನನ್ನು ಹುರಿದುಂಬಿಸಿ ಕಳಿಸಿದವಳು ಅವಳು. ಮುಂದೆ ತಾಯಿಯೊಂದಿಗೆ ಮಹಾರಾಷ್ಟ್ರಕ್ಕೇ ಮರಳಿ ಹಳ್ಳಿಗಳಲ್ಲಿ ದುಡಿದಳು. ಆ ಶಿಬಿರದಿಂದ ಹುಟ್ಟಿದ ವಿದ್ಯಾರ್ಥಿ ಚಳವಳಿಯ ಇತಿಹಾಸ ಬರೆದವರು ಅವಳಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಸಾಗಿದ್ದಾರೆ, ಅದು ನ್ಯಾಯವಲ್ಲ.

ಮೌಂಟ್ ಹರ್ಮನ್‌ನಲ್ಲಿ ಸಹಿ ಹಾಕಿದವರಿಗೆ ಪರದೇಶವೆಂದರೆ ಜೀವಮಾನದ ಮಾತು. ಹಡಗು ಹತ್ತಿದರೆ ಊರು ಮತ್ತೆ ಕಾಣುವುದು ಯಾವಾಗಲೋ. ಒಂದು ರಜೆಯಲ್ಲಿ ಹೋಗಿ ಬರುವ ಪದ್ಧತಿ ಬೆಳೆದದ್ದು ಎರಡನೇ ಮಹಾಯುದ್ಧದ ನಂತರ. ಅದಕ್ಕೆ ರೂಪ ಕೊಟ್ಟವರಲ್ಲಿ ಜಾರ್ಜ್ ವರ್ವರ್ ಮುಖ್ಯರು. ನ್ಯೂಜೆರ್ಸಿಯ ಈ ಹುಡುಗನಿಗೆ ನೆರೆಯ ಡೊರೊಥಿಯಾ ಕ್ಲ್ಯಾಪ್ ಎಂಬ ಹೆಂಗಸು ಯೋಹಾನನ ಸುವಾರ್ತೆಯ ಪುಸ್ತಿಕೆಯೊಂದನ್ನು ಅಂಚೆಯಲ್ಲಿ ಕಳಿಸಿದ್ದರು. ಅವರ ಮನೆಯ ಹತ್ತಿರದ ಹೈಸ್ಕೂಲಿನ ಮಕ್ಕಳಿಗಾಗಿ ವರ್ಷಗಟ್ಟಲೆ ಪ್ರಾರ್ಥಿಸುತ್ತಿದ್ದ ತಾಯಿ ಅವರು. 1955ರಲ್ಲಿ ನ್ಯೂಯಾರ್ಕಿನಲ್ಲಿ ಬಿಲ್ಲಿ ಗ್ರಹಾಂ ಅವರ ಸಭೆಗೆ ಹೋದ ವರ್ವರ್ ಅಲ್ಲಿ ಕ್ರಿಸ್ತನಿಗೆ ತನ್ನನ್ನು ಒಪ್ಪಿಸಿಕೊಂಡ. ಟೆನೆಸ್ಸೀಯ ಮೇರಿವಿಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1957ರ ಬೇಸಿಗೆಯಲ್ಲಿ, ಇಬ್ಬರು ಗೆಳೆಯರೊಡನೆ ಇದ್ದಬದ್ದ ಸಾಮಾನು ಮಾರಿ, ಹಳೆಯ ಟ್ರಕ್ಕೊಂದರಲ್ಲಿ ಸ್ಪ್ಯಾನಿಷ್ ಸುವಾರ್ತೆಗಳನ್ನು ತುಂಬಿಕೊಂಡು ಮೆಕ್ಸಿಕೋಗೆ ಹೊರಟ. ಹಿಂದೆ ದೊಡ್ಡ ಸಂಸ್ಥೆಯಿಲ್ಲ, ಅನುಮತಿ ಕೊಡುವ ಸಮಿತಿಯಿಲ್ಲ.

1960ರಲ್ಲಿ ಮದುವೆಯಾದ ಮೇಲೆ ಡ್ರೀನಾ ಮತ್ತು ಜಾರ್ಜ್ ಮತ್ತೆ ಮೆಕ್ಸಿಕೋದ ದಾರಿ ಹಿಡಿದರು. ಕೈಯಲ್ಲಿ ಕಾಸಿಲ್ಲದೆ, ಮದುವೆಯ ಕೇಕು ಕೊಟ್ಟು ಪೆಟ್ರೋಲ್ ಹಾಕಿಸಿಕೊಳ್ಳಲು ಹೋದ ಪ್ರಸಂಗವನ್ನು ಅವರು ಮುದಿವಯಸ್ಸಿನವರೆಗೂ ಹೇಳುತ್ತಿದ್ದರು. ಮರುವರ್ಷ ವರ್ವರ್ ಬೈಬಲ್ ಒಯ್ದು ಸೋವಿಯತ್ ಒಕ್ಕೂಟಕ್ಕೆ ಹೋದಾಗ ಪೊಲೀಸರು ಹಿಡಿದು, ಗೂಢಚಾರನೆಂದು ಶಂಕಿಸಿ, ಗಡಿ ದಾಟಿಸಿದರು. ಆ ಸೋಲಿನ ಬೆನ್ನಿಗೇ ಅವರಿಗೆ ಹೊಳೆದದ್ದು ಸರಳವಾದ ವಿಚಾರ. ಅಮೆರಿಕದವರೇ ಎಲ್ಲ ಕಡೆ ಓಡುವುದೇಕೆ? ಯುರೋಪಿನ ಚರ್ಚುಗಳ ಯುವಜನರನ್ನೇ ಎಬ್ಬಿಸಿದರೆ ಸಾಲದೇ? ಹೀಗೆ ಆಪರೇಷನ್ ಮೊಬಿಲೈಸೇಷನ್ ಹುಟ್ಟಿತು. ಎರಡೇ ವರ್ಷಗಳಲ್ಲಿ ಬೇಸಿಗೆಯ ತಂಡಗಳಲ್ಲಿ ಸಾವಿರಗಟ್ಟಲೆ ತರುಣರು. ಅದೇ ದಶಕದಲ್ಲಿ ಅವರ ಟ್ರಕ್ಕುಗಳು ಯುರೋಪಿನಿಂದ ನೆಲದ ದಾರಿಯಲ್ಲೇ ಭಾರತಕ್ಕೂ ಬಂದವು. 1970ರಲ್ಲಿ ಕೊಂಡ ಪುಸ್ತಕದ ಹಡಗು ‘ಲೋಗೋಸ್’, ಆಗ ಸೂಯೆಜ್ ಕಾಲುವೆ ಮುಚ್ಚಿದ್ದರಿಂದ, ಆಫ್ರಿಕವನ್ನು ಬಳಸಿಕೊಂಡು ಭಾರತದ ಕರಾವಳಿಗೆ ಬಂತು. ಭೂಪಟ ಅಚ್ಚಾದ ಜಾಕೆಟ್ ತೊಟ್ಟು ಭಾಷಣ ಮಾಡುತ್ತಿದ್ದ ವರ್ವರ್ 2023ರಲ್ಲಿ ತೀರಿಕೊಂಡರು.

ಇಂದಿನ ತಂಡಗಳ ದಿನಚರಿ ಇಷ್ಟು ಸಾಹಸದ್ದಲ್ಲ. ಕ್ರೂ ಸಂಸ್ಥೆಯನ್ನೇ ನೋಡೋಣ. 1951ರಲ್ಲಿ ಬಿಲ್ ಮತ್ತು ವೋನೆಟ್ ಬ್ರೈಟ್ ದಂಪತಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಕ್ಯಾಂಪಸ್ ಕ್ರುಸೇಡ್ ಫಾರ್ ಕ್ರೈಸ್ಟ್, 2011ರಲ್ಲಿ ಅಮೆರಿಕದ ಮಟ್ಟಿಗೆ ಈ ಚಿಕ್ಕ ಹೆಸರನ್ನು ಆರಿಸಿಕೊಂಡಿತು. ಹಳೆಯ ಹೆಸರಿನಲ್ಲಿದ್ದ ‘ಕ್ರುಸೇಡ್’, ಅಂದರೆ ಧರ್ಮಯುದ್ಧ, ಅನೇಕರಿಗೆ ಮಧ್ಯಯುಗದ ರಕ್ತಪಾತವನ್ನು ನೆನಪಿಸುತ್ತಿತ್ತು. ಅದನ್ನು ಕೈಬಿಟ್ಟದ್ದು ಸರಿಯಾದ ನಿರ್ಧಾರ.

ಬೆಳಿಗ್ಗೆ ತಂಡದ ಪ್ರಾರ್ಥನೆ, ಬೈಬಲ್ ಅಧ್ಯಯನ. ಆಮೇಲೆ ಇಬ್ಬಿಬ್ಬರಾಗಿ ಕ್ಯಾಂಪಸ್ಸಿಗೆ. ಕ್ಯಾಂಟೀನು, ಹುಲ್ಲುಹಾಸು, ಲೈಬ್ರರಿ ಮೆಟ್ಟಿಲು, ಎಲ್ಲಿ ವಿದ್ಯಾರ್ಥಿಗಳು ಬಿಡುವಾಗಿ ಕೂತಿರುತ್ತಾರೋ ಅಲ್ಲಿ. ಇಂಗ್ಲಿಷ್ ಮಾತಾಡಿ ಅಭ್ಯಾಸ ಮಾಡಿಕೊಳ್ಳಬೇಕೆನ್ನುವವರು ಸಿಕ್ಕರೆ ಪರಿಚಯ ಸುಲಭ. ‘ಸೋಲೇರಿಯಂ’ ಎಂಬ ಚಿತ್ರಗಳ ಕಟ್ಟೊಂದಿದೆ. 50 ಫೋಟೋ, 5 ಪ್ರಶ್ನೆ. ಚಿತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿ, ನಿಮ್ಮ ಈಗಿನ ಬದುಕನ್ನು ಹೇಳುವ ಚಿತ್ರಗಳನ್ನು ಆರಿಸಿ ಎನ್ನುತ್ತಾರೆ. ಬದುಕಿನಲ್ಲಿ ಏನಿದ್ದರೆ ಚೆನ್ನಾಗಿತ್ತು, ದೇವರೆಂದರೆ ನಿಮಗೆ ಯಾವ ಚಿತ್ರ ಎಂದು ಮುಂದುವರಿಯುತ್ತದೆ. ಎದುರಿಗೆ ಕೂತವರು ಮೊದಲು ಮಾತಾಡುತ್ತಾರೆ, ಬಂದವರು ಕೇಳುತ್ತಾರೆ. ಹಿಂದಿನ ತಲೆಮಾರಿನ ತರುಣರು ನಾಲ್ಕು ಸೂತ್ರಗಳ ಪುಟ್ಟ ಪುಸ್ತಿಕೆಯೊಂದನ್ನು ತೆರೆದು ಓದಿಹೇಳುತ್ತಿದ್ದರು. ಹೇಳುವುದರಿಂದ ಕೇಳುವುದರ ಕಡೆಗೆ ಆದ ಈ ಪಲ್ಲಟ ನನಗೆ ಬಹಳ ಒಳ್ಳೆಯದಾಗಿ ಕಾಣುತ್ತದೆ.

ಆಕ್ಷೇಪಗಳಿಗೂ ಕಿವಿಗೊಡಬೇಕು. 1998ರ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿದಾಗ ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ಅನೇಕ ತಂಡಗಳು ಹೋದವು. ಅಲ್ಲೇ ನೆಲೆಸಿದ್ದ ಕ್ರೈಸ್ತ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, ಆ ಮನೆಗಳಲ್ಲಿ ವಾಸಿಸುವವರನ್ನೂ ಕಟ್ಟಿಹೋದವರನ್ನೂ ವಿಚಾರಿಸಿ ನೋಡಿದರು. ಸ್ಥಳೀಯರು ಕಟ್ಟಿದ ಮನೆಗೂ ಪರದೇಶಿ ತಂಡ ಕಟ್ಟಿದ ಮನೆಗೂ, ಅಲ್ಲಿ ಬಾಳುವವರ ಬದುಕಿನಲ್ಲಿ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಂಡದ ಪ್ರಯಾಣಕ್ಕೆ ಸುರಿದ ಹಣದಲ್ಲಿ ಇನ್ನೂ ಎಷ್ಟೋ ಮನೆ ಏಳಬಹುದಿತ್ತು. ಹೋಗಿಬಂದವರಲ್ಲೂ ಕೊಡುವ, ಪ್ರಾರ್ಥಿಸುವ ರೂಢಿ ಅವರು ಅಂದುಕೊಂಡಷ್ಟು ಬದಲಾಗಿರಲಿಲ್ಲ. ಇದನ್ನು ಹೊರಗಿನ ವಿರೋಧಿಯೊಬ್ಬರು ಬರೆದಿದ್ದರೆ ಬೇರೆ ಮಾತು. ಬರೆದವರು ಅದೇ ನಂಬಿಕೆಯವರು. ಅದಕ್ಕೇ ಅದರ ತೂಕ ಹೆಚ್ಚು.

ನಮಗೆ ಇನ್ನೂ ಹತ್ತಿರದ ನೋವೊಂದಿದೆ. 2018ರ ನವೆಂಬರ್‌ನಲ್ಲಿ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕಾನೂನು ಮೀರಿ ಹೋದ 26 ವರ್ಷದ ಅಮೆರಿಕನ್ ತರುಣ ಜಾನ್ ಅಲೆನ್ ಚಾವ್ ಅಲ್ಲಿನವರ ಬಾಣಕ್ಕೆ ಪ್ರಾಣ ಬಿಟ್ಟ. ಅವನೂ ಕಾಲೇಜಿನಲ್ಲಿದ್ದಾಗ ಇಂಥ ಮಿಷನ್ ಪ್ರವಾಸಗಳಿಗೆ ಹೋಗಿಬಂದವನೇ. ಹೊರಗಿನವರ ಸಾಮಾನ್ಯ ನೆಗಡಿಯೂ ಆ ದ್ವೀಪದವರಿಗೆ ಮಾರಿಯಾಗಬಹುದು. 1956ರಿಂದಲೇ ಅವರಿಗೆ ಕಾನೂನಿನ ರಕ್ಷಣೆಯಿದೆ. ಅವನ ಧೈರ್ಯವನ್ನು ನಾನು ಹಗುರ ಮಾಡಲಾರೆ. ಆದರೆ ಬರಬೇಡ ಎಂದು ಬಾಣ ಬಿಟ್ಟು ಹೇಳಿದವರ ಮಾತೂ ಮಾತೇ. ಅದನ್ನು ಕೇಳಿಸಿಕೊಳ್ಳದ ಭಕ್ತಿ ಪೂರ್ಣವಾಗದು.

ಕನ್ನಡಿಗರಿಗೆ ಈ ವಿಷಯದಲ್ಲಿ ಅಳತೆಗೋಲು ಕೈಯಲ್ಲೇ ಇದೆ. ಫರ್ಡಿನೆಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ. ಇವತ್ತು ಆ ಪತ್ರ ಬರೆಯುವವರಿಗಿಂತ ಅಷ್ಟೇನೂ ದೊಡ್ಡವರಲ್ಲ. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವೆ ಕಳೆದದ್ದು ನಾಲ್ಕು ದಶಕ. ಆರು ವಾರದಲ್ಲಿ ಯಾವ ಭಾಷೆಯೂ ಬರುವುದಿಲ್ಲ. ಪರಭಾಷೆಯವನಿಗೆ ಇನ್ನೊಬ್ಬನ ದುಃಖದ ಮಾತು ಅರ್ಥವಾಗಲು ವರ್ಷಗಳೇ ಬೇಕು. ಬೇಸಿಗೆಯ ತಂಡದಲ್ಲಿದ್ದ ಹತ್ತು ಜನರಲ್ಲಿ ಒಬ್ಬರಿಗಾದರೂ ಆ ಊರಿನ ಭಾಷೆ ಕಲಿಯುವ ಆಸೆ ಹುಟ್ಟಿದರೆ, ಹಿಂದಿರುಗಿ ಹೋಗಿ ನೆಲೆಸಿದರೆ, ಆಗ ಅಷ್ಟೂ ಖರ್ಚಿಗೆ ಬೆಲೆ ಬಂತು ಎನ್ನುತ್ತೇನೆ.

ಆರನೇ ವಾರ ಮುಗಿಯುತ್ತ ಬಂದಾಗ ತಂಡಕ್ಕೆ ಒಂದು ಕೆಲಸ ಉಳಿದಿರುತ್ತದೆ. ಮಾತಾಡಿದವರಲ್ಲಿ ಮತ್ತೆ ಸಿಗಲು ಒಪ್ಪಿದವರ ಹೆಸರು, ಫೋನ್ ನಂಬರನ್ನು ಆ ಊರಿನ ಕ್ರೈಸ್ತ ವಿದ್ಯಾರ್ಥಿ ಗುಂಪಿನ ಕೈಗೆ ಕೊಡಬೇಕು. ಎಷ್ಟೋ ಕಡೆ ಆ ಗುಂಪೆಂದರೆ ಐದಾರು ಮಂದಿ, ಸಂಬಳವಿಲ್ಲದ ಒಬ್ಬ ಹಿರಿಯಣ್ಣ. ಸೆಪ್ಟೆಂಬರ್‌ನಲ್ಲಿ ಕಾಲೇಜು ತೆರೆದಾಗ ಪ್ರತಿ ನಂಬರಿಗೂ ಫೋನ್ ಮಾಡಿ, ನಮ್ಮ ಅಮೆರಿಕದ ಗೆಳೆಯರು ನಿಮ್ಮ ಬಗ್ಗೆ ಹೇಳಿದ್ದರು, ಒಂದು ಲೋಟ ಕಾಫಿ ಕುಡಿಯೋಣವೇ ಎಂದು ತಮ್ಮದೇ ಭಾಷೆಯಲ್ಲಿ ಕೇಳುವವರು ಅವರು. ಇತ್ತ ಅಮೆರಿಕದಲ್ಲಿ, ಬಟ್ಟೆ ತುಂಬಿದ ಚೀಲ ಬಿಚ್ಚುವ ಮೊದಲೇ, ಹುಡುಗಿ ಎರಡನೇ ಪತ್ರ ಬರೆಯಲು ಕೂರುತ್ತಾಳೆ. ಅಜ್ಜನ ಗೆಳೆಯರಿಗೆ, ಸೋದರತ್ತೆಗೆ, ಮೇಷ್ಟ್ರಿಗೆ ಲೆಕ್ಕ ಒಪ್ಪಿಸಬೇಕು. ಎಷ್ಟು ಜನರೊಂದಿಗೆ ಮಾತಾಡಿದೆ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾಳೆ. ಆಮೇಲೆ, ತನ್ನ ಪ್ರಶ್ನೆಗೆ ಉತ್ತರಿಸದೆ ಒಂದೇ ಚಿತ್ರವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದ ಹುಡುಗಿಯ ಹೆಸರನ್ನು ಆ ನಾಡಿನ ಲಿಪಿಯಲ್ಲಿ ಹೇಗೆ ಬರೆಯಬೇಕೆಂದು ಮತ್ತೆ ಮತ್ತೆ ತಿದ್ದುತ್ತಾಳೆ.